ಗಿರಣಿಯವನ ಓಡುವ ಯಂತ್ರ

ನಡೆಯುವ ಕಾಲಿಗೆ ಬಲವಾಗಿ, ನಿಂತ ಕಾಲಿಗೆ ನೆಲವಾಗಿ ಇರುವ ಪರಶಿವನಿಗೆ ಮೊದಲ ಶರಣು. ಹೇಳುವ ನಾಲಿಗೆಯನ್ನೂ ಕೇಳುವ ಕಿವಿಯನ್ನೂ ಕೊಟ್ಟವನು ಅವನೇ. ಈ ಮಾತಿನಲ್ಲಿ ರುಚಿ ಇದ್ದರೆ ಅದು ಅವನದು, ತಪ್ಪಿದ್ದರೆ ಬರೆದ ಕೈಯದು.

“ಬುದ್ಧಿ, ಒಮ್ಮೆ ಹಿಡಿದರೆ ಸಾಯುವ ತನಕ ಕೈಕೊಡದ ಸಾಧನೆ ಯಾವುದು?”

ಬೆಳಗಿನ ಪೂಜೆ ಮುಗಿದಿತ್ತು. ಕೇಳಿದವರು ಮರುಳಯ್ಯನವರು. ಸರ್ವೆ ಇಲಾಖೆಯಲ್ಲಿ ಭೂಮಿ ಅಳೆದು ನಿವೃತ್ತರಾದವರು. ಮಠದ ಜಗಲಿಯ ಮೇಲೆ ಇತರ ಭಕ್ತರ ಜೊತೆ ಗುರುಗಳ ಎದುರು ಕೈಮುಗಿದು ಕೂತಿದ್ದರು.

“ಯಾಕಪ್ಪಾ, ಇಷ್ಟು ದಿನ ಹಿಡಿದದ್ದೆಲ್ಲ ಕೈಕೊಟ್ಟಿತೇ?” ಎಂದರು ಗುರುಗಳು.

“ಹತ್ತು ವರ್ಷದಿಂದ ಹುಡುಕುತ್ತಿದ್ದೇನೆ ಬುದ್ಧಿ. ಒಂದು ಕಡೆ ಮಂತ್ರ ಪಡೆದೆ. ಎರಡು ವರ್ಷ ಜಪಿಸಿದೆ. ಇದು ನನಗೆ ಹೊಂದುತ್ತದೋ ಇಲ್ಲವೋ ಎಂಬ ಸಂಶಯ ಹೋಗಲಿಲ್ಲ. ಇನ್ನೊಂದು ಕಡೆ ಮೌನ ಹಿಡಿದೆ. ನಮ್ಮ ಮನೆಯವಳು, ನೀವು ಮಾತಾಡುವಾಗಲೇ ವಾಸಿ ಇತ್ತು, ಈಗ ಬರೀ ಕಣ್ಣಲ್ಲೇ ಬೈಯುತ್ತೀರಿ ಅಂದಳು. ಆಮೇಲೆ ನಾಲ್ಕು ಕ್ಷೇತ್ರಗಳಿಗೆ ಯಾತ್ರೆ ಹೋದೆ. ಧ್ಯಾನದ ಶಿಬಿರಕ್ಕೆ ಹೋದೆ. ಒಂದೊಂದನ್ನೂ ಅಳೆದು ನೋಡಿದೆ. ಇದೇ ಸರಿ ಎಂದು ಎದೆ ತಟ್ಟಿ ಹೇಳುವಂಥದ್ದು ಸಿಗಲಿಲ್ಲ. ಅರವತ್ತೆಂಟು ವರ್ಷವಾಯಿತು. ಬರೀ ಹುಡುಕಾಟದಲ್ಲೇ ಹತ್ತು ವರ್ಷ ಹಾಳಾಯಿತು. ಸಾಧನೆ ಇನ್ನೂ ಶುರುವೇ ಆಗಿಲ್ಲ.”

ಗುರುಗಳು ಅವರಿಗೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಅವನ ಅಣ್ಣನಿಗೆ ಸಕ್ಕರೆ ಕಾಯಿಲೆ. ಮೊದಲು ಅಣ್ಣನ ಕಾಲಿನ ಒಂದು ಬೆರಳು ಹೋಯಿತು. ಆಮೇಲೆ ಪಾದ ಹೋಯಿತು. ಆಮೇಲೆ ಮೊಣಕಾಲಿನವರೆಗೂ ಹೋಯಿತು. ಅಣ್ಣನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ತಳ್ಳುತ್ತಿದ್ದವನು ಈ ತಮ್ಮನೇ.

ಒಂದು ದಿನ ತಮ್ಮ ರಸ್ತೆಯಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಯಾರೋ ಕೂಗಿದರು. “ಸಾಹುಕಾರ್ರೇ, ನಿಮ್ಮ ಒಂದು ಚಪ್ಪಲಿ ಅಲ್ಲೇ ಬಿಟ್ಟಿದ್ದೀರಲ್ಲ!” ಅವನು ಬಗ್ಗಿ ನೋಡಿದ. ಎಡಗಾಲು ಬರಿದಾಗಿತ್ತು. ಚಪ್ಪಲಿ ಜಾರಿದ್ದು ಅವನಿಗೆ ತಿಳಿದೇ ಇರಲಿಲ್ಲ. ಅಣ್ಣನಿಗೂ ಹೀಗೆಯೇ ಶುರುವಾಗಿತ್ತು.

ಅವನು ಡಾಕ್ಟರ ಬಳಿಗೆ ಹೋದ. ಡಾಕ್ಟರು ಅವನ ಕಣ್ಣು ಮುಚ್ಚಿಸಿ ಅಂಗಾಲಿಗೆ ಒಂದು ದಪ್ಪ ನೈಲಾನ್ ಎಳೆಯನ್ನು ಹತ್ತು ಸಲ ಮುಟ್ಟಿಸಿದರು. ಅವನಿಗೆ ನಾಲ್ಕು ಸಲ ಗೊತ್ತಾಯಿತು.

“ನಿಮಗೂ ಸಕ್ಕರೆ ಕಾಯಿಲೆಯೇ. ಆದರೆ ಹೊತ್ತು ಮೀರಿಲ್ಲ,” ಎಂದರು ಡಾಕ್ಟರು. “ಮಾತ್ರೆ ಬರೆದುಕೊಡುತ್ತೇನೆ. ಆದರೆ ಮಾತ್ರೆಯನ್ನು ನಿಮ್ಮ ಅಣ್ಣನೂ ನುಂಗಿದರು. ನೀವು ದಿನಾ ಮುಕ್ಕಾಲು ಗಂಟೆ ಬೆವರು ಕೀಳುವ ಹಾಗೆ ನಡೆಯಬೇಕು. ಆಗುತ್ತಾ ಆಗುತ್ತಾ ಓಡಬೇಕು. ಒಳ್ಳೆಯ ಬೂಟು ಹಾಕಿಕೊಳ್ಳಿ. ದಿನಾ ಪಾದ ನೋಡಿಕೊಳ್ಳಿ. ಇಲ್ಲವಾದರೆ ನಿಮ್ಮ ಅಣ್ಣನ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ.”

ಮರುದಿನ ಬೆಳಿಗ್ಗೆ ಗಿರಣಿಯವನು ಬೂಟು ಕಟ್ಟಿಕೊಂಡು ಪೇಟೆಬೀದಿಯಲ್ಲಿ ಓಡಲು ಹೊರಟ. ಅವನದು ಭಾರಿ ಮೈ. ಅವನು ಅವಸರದಲ್ಲಿ ನಡೆದದ್ದನ್ನೂ ಊರು ನೋಡಿರಲಿಲ್ಲ. ಹೂವಿನ ಅಂಗಡಿಯವನು ನೋಡಿದ. ಹಾಲಿನವನು ನೋಡಿದ. ಇಬ್ಬರೂ ಬಕೆಟ್ಟು ಹಿಡಿದುಕೊಂಡು ಅವನ ಹಿಂದೆ ಓಡಿಬಂದರು.

“ಗಿರಣಿಗೆ ಬೆಂಕಿ ಬಿತ್ತಾ ಸಾಹುಕಾರ್ರೇ?”

“ಇಲ್ಲ ಕಣ್ರಯ್ಯಾ.”

“ಮತ್ತೆ ಯಾಕೆ ಓಡುತ್ತಿದ್ದೀರಿ?”

“ಸುಮ್ಮನೆ.”

“ಸುಮ್ಮನೆ ಯಾರಾದರೂ ಓಡುತ್ತಾರಾ? ಮುಚ್ಚಿಡಬೇಡಿ, ಹೇಳಿ!”

ಅಷ್ಟರಲ್ಲಿ ಬೀದಿನಾಯಿಗಳೂ ಸೇರಿಕೊಂಡವು. ಗಿರಣಿಯವನು ಮನೆಗೆ ಬಂದು ಬಾಗಿಲು ಹಾಕಿಕೊಂಡ. ನಿಂತಲ್ಲೇ ಓಡುವ ಯಂತ್ರ ಒಂದನ್ನು ತಂದು ಮನೆಯಲ್ಲೇ ಓಡುವುದು ಎಂದು ತೀರ್ಮಾನಿಸಿದ.

ಇಲ್ಲಿ ಮರುಳಯ್ಯನವರು ತಡೆಯಲಾರದೆ ಕೇಳಿದರು. “ಬುದ್ಧಿಯವರಿಗೆ ಟ್ರೆಡ್‌ಮಿಲ್ಲು ಗೊತ್ತೇ?”

“ಗೊತ್ತಿಲ್ಲದೆ ಏನು? ಭಕ್ತರೊಬ್ಬರು ಮಠಕ್ಕೂ ಒಂದು ಕೊಡುತ್ತೇನೆ ಎಂದು ಬಂದಿದ್ದರು. ದಾಸೋಹದ ಮನೆಗೆ ಹದಿನೆಂಟು ಮೆಟ್ಟಿಲಿವೆ, ಸದ್ಯಕ್ಕೆ ಅವು ಕೆಟ್ಟಿಲ್ಲ ಎಂದೆ,” ಎಂದು ಗುರುಗಳು ನಕ್ಕರು. ಮತ್ತೆ ಕತೆಗೆ ಬಂದರು.

ಗಿರಣಿಯವನು ಒಂದು ಮಾತು ನಿಶ್ಚಯ ಮಾಡಿಕೊಂಡ. ತಂದರೆ ಜೀವಮಾನಕ್ಕೆ ಒಂದೇ ಯಂತ್ರ ತರಬೇಕು. ನಡುವೆ ಕೆಟ್ಟು ನಿಲ್ಲಬಾರದು. ಅದು ನಿಂತರೆ ನಾನು ನಿಲ್ಲುತ್ತೇನೆ, ನಾನು ನಿಂತರೆ ಕಾಲು ಹೋಗುತ್ತದೆ.

ಹತ್ತಿರದ ಪಟ್ಟಣಕ್ಕೆ ಬೆಳಗಿನ ಬಸ್ಸಿಗೆ ಹೋದ. ಅಂಗಡಿಯವನು ಮಡಚಿ ಗೋಡೆಗೆ ಒರಗಿಸಬಹುದಾದ ಒಂದು ಯಂತ್ರ ತೋರಿಸಿದ. “ಮೂರು ಕುದುರೆ ಬಲದ ಮೋಟಾರು, ಯಜಮಾನರೇ.”

“ಆ ಮೂರು ಕುದುರೆ ಯಾವಾಗಿನವು?” ಎಂದು ಗಿರಣಿಯವನು ಕೇಳಿದ. “ಎದ್ದು ನೆಗೆಯುವ ಒಂದು ಗಳಿಗೆಯವೋ, ಹೊರೆ ಹೊತ್ತು ದಿನವಿಡೀ ನಡೆಯುವವೋ?”

ಅಂಗಡಿಯವನು ತಲೆ ಕೆರೆದುಕೊಂಡ. “ಇದನ್ನು ಇದುವರೆಗೆ ಯಾರೂ ಕೇಳಿಲ್ಲ.”

“ನನ್ನ ಗಿರಣಿಯಲ್ಲಿ ಮೋಟಾರು ದಿನಕ್ಕೆ ಹತ್ತು ಗಂಟೆ ತಿರುಗುತ್ತದೆ. ನೆಗೆಯುವ ಕುದುರೆ ನಮಗೆ ಬೇಡ, ಎಳೆಯುವ ಕುದುರೆ ಬೇಕು. ನಾನು ಒಂದು ಮೂಟೆ ಬೀಸಿ ನೋಡದೆ ಯಾವ ಕಲ್ಲನ್ನೂ ಕೊಂಡವನಲ್ಲ.”

“ಇದರಲ್ಲಿ ಏನು ಬೀಸುತ್ತೀರಿ?”

“ನನ್ನನ್ನೇ,” ಎಂದು ಗಿರಣಿಯವನು ಯಂತ್ರವನ್ನು ಹತ್ತಿದ.

ಅವನ ಕಸುಬಿನ ಪದ್ಧತಿ ಹಾಗೆ. ಒಂದು ಮೂಟೆ ಬೀಸುವುದಕ್ಕೆ ಮುಕ್ಕಾಲು ಗಂಟೆ. ಮುಕ್ಕಾಲು ಗಂಟೆ ನಡೆದ ಮೇಲೆ ಮೋಟಾರಿನ ಮೇಲೆ ಅಂಗೈ ಇಡಬೇಕು. ಬೆಲ್ಟಿನ ವಾಸನೆ ನೋಡಬೇಕು. ಒಂದು ದಿನ ನೋಡಿದರೆ ಸಾಲದು. ತಣ್ಣಗಿರುವ ಕಲ್ಲಿನ ಗುಣ ಬೇರೆ, ಕಾದ ಕಲ್ಲಿನ ಗುಣ ಬೇರೆ. ಏಳು ದಿನ ನೋಡಬೇಕು. ಮತ್ತೊಂದು ನಿಯಮವೂ ಇತ್ತು. ಹೊಸ ಕಲ್ಲಿನಲ್ಲಿ ಮೊದಲು ಬೀಳುವ ಹಿಟ್ಟಿನಲ್ಲಿ ಕಲ್ಲುಪುಡಿ ಇರುತ್ತದೆ. ಅದು ಪರೀಕ್ಷೆಯ ಹಿಟ್ಟು. ಅದನ್ನು ಯಾರಿಗೂ ತಿನ್ನಲು ಕೊಡುವುದಿಲ್ಲ. ಗೋಡೆಗೆ ಕಾಗದ ಅಂಟಿಸುವವರು ಬಂದು ಗೋಂದಿಗೆಂದು ಒಯ್ಯುತ್ತಾರೆ. ಅದನ್ನು ಹಿಟ್ಟು ಎಂದು ಯಾವ ಗಿರಣಿಯವನೂ ಎಣಿಸುವುದಿಲ್ಲ.

ಮೊದಲ ದಿನ ಅವನು ಹತ್ತು ನಿಮಿಷಕ್ಕೇ ಏದುಸಿರು ಬಿಟ್ಟು ಇಳಿದ. ಕೂತು, ಸುಧಾರಿಸಿಕೊಂಡು, ಮತ್ತೆ ಹತ್ತಿದ. ಹಾಗೆ ಹತ್ತಿ ಇಳಿದು ಮುಕ್ಕಾಲು ಗಂಟೆ ಪೂರೈಸಿದ. ನಾಲ್ಕನೆಯ ದಿನ ಬೆಲ್ಟು ಸುಟ್ಟ ವಾಸನೆ ಬಂತು. “ಇದು ಬೇಡ,” ಎಂದ.

ಎರಡನೆಯ ಯಂತ್ರದ ಕಂಬಿ ಹಿಡಿದು ನಡೆದ. ಕಂಬಿ ಹಿಡಿದರೆ ನಡುಕವೆಲ್ಲ ಕೈಗೆ ಬರುತ್ತದೆ, ಕಾಲ ಕೆಳಗಿನ ಹಲಗೆಯ ಗುಣ ತಿಳಿಯುವುದಿಲ್ಲ ಎಂದು ಕಂಡುಕೊಂಡ. ಅಂದಿನಿಂದ ಕೈ ಬಿಟ್ಟು ನಡೆದ. ಮೂರನೆಯ ಯಂತ್ರದಲ್ಲಿ ಇನ್ನೊಂದು ವಿಷಯ ತಿಳಿಯಿತು. ನಡೆಯುವವನಿಗೆ ಮೋಟಾರು ನಿಜ ಹೇಳುವುದಿಲ್ಲ. ಓಡಿದರೆ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಅಂದಿನಿಂದ ಓಡಿದ. ಮೊದಲು ಒಂದು ನಿಮಿಷ, ಆಮೇಲೆ ಐದು, ಆಮೇಲೆ ಹತ್ತು. ಅವನ ಗಮನವೆಲ್ಲ ಯಂತ್ರದ ಸದ್ದಿನ ಮೇಲೆಯೇ. ಎಷ್ಟು ಓಡಿದೆನೆಂದು ಅವನು ನೋಡಲೂ ಇಲ್ಲ.

ಅಂಗಡಿಗಳು ಮುಗಿದವು. ಮನೆಗೆಂದು ಮಾಡಿದ ಯಂತ್ರ ಯಾವುದೂ ಅವನ ಏಳು ದಿನ ದಾಟಲಿಲ್ಲ. ದಿನವಿಡೀ ಓಡುವವರು ಎಲ್ಲಿದ್ದಾರೋ ಅಲ್ಲಿಯ ಯಂತ್ರ ನೋಡಬೇಕು ಎಂದುಕೊಂಡು ಒಂದು ಜಿಮ್ಮಿಗೆ ಹೋದ. ಅದನ್ನು ನಡೆಸುತ್ತಿದ್ದವನು ಗರಡಿಯಲ್ಲಿ ಬೆಳೆದ ಒಬ್ಬ ಪೈಲ್ವಾನ.

“ಮನೆಯಲ್ಲಿಡುವ ಯಂತ್ರವನ್ನು ನಿಮ್ಮಲ್ಲಿ ಇಟ್ಟರೆ ಎಷ್ಟು ದಿನ ಬಂದೀತು?” ಎಂದು ಗಿರಣಿಯವನು ಕೇಳಿದ.

“ಮೂರು ತಿಂಗಳು. ಆಮೇಲೆ ಅದನ್ನೇ ಹೊತ್ತುಕೊಂಡು ಓಡಬೇಕು,” ಎಂದ ಪೈಲ್ವಾನ.

ಗಿರಣಿಯವನಿಗೆ ಆ ಮಾತು ಹಿಡಿಸಿತು. ಅಲ್ಲಿ ಸಾಲಾಗಿ ನಿಂತಿದ್ದವು ಕಬ್ಬಿಣದ ದಪ್ಪ ಚೌಕಟ್ಟಿನ ಯಂತ್ರಗಳು. ಉರುಳೆಗಳು ಅವನ ತೋಳಿನಷ್ಟು ದಪ್ಪ. ಹಲಗೆ ಬಾಗಿಲಿನ ಹಲಗೆಯಂತೆ ಗಟ್ಟಿ. ಅವನು ಒಂದನ್ನು ಹತ್ತಿ ಐದು ನಿಮಿಷ ಓಡಿ ಇಳಿದ. “ಇದರ ಮುಂದಿನ ಉರುಳೆಯ ಬೇರಿಂಗು ಎಡಗಡೆ ಸವೆದಿದೆ,” ಎಂದ. ಪೈಲ್ವಾನ ನಂಬಲಿಲ್ಲ. ಮೆಕ್ಯಾನಿಕ್‌ನನ್ನು ಕರೆಸಿ ಬಿಚ್ಚಿಸಿದ. ಸವೆದಿತ್ತು.

“ಎಂಥ ಕಿವಿ ರೀ ನಿಮ್ಮದು! ಮನೆಯಲ್ಲಿ ಯಜಮಾನತಿ ಕರೆದರೂ ಇಷ್ಟೇ ಚೆನ್ನಾಗಿ ಕೇಳುತ್ತದಾ?”

“ಆ ಸದ್ದು ಬೇರೆ ಬಿಡಿ,” ಎಂದ ಗಿರಣಿಯವನು.

ಅಂದಿನಿಂದ ಆ ಜಿಮ್ಮಿನಲ್ಲಿ ಅವನಿಗೆ ಯಾವ ಯಂತ್ರವನ್ನು ಬೇಕಾದರೂ ಹತ್ತುವ ಸ್ವಾತಂತ್ರ್ಯ ಸಿಕ್ಕಿತು. ಪೈಲ್ವಾನನ ಮಾತಿನ ಮೇಲೆ ಇನ್ನೂ ಎರಡು ಜಿಮ್ಮಿನವರು ಬಾಗಿಲು ತೆರೆದರು. ಅವನು ದಿನಾ ಬೆಳಗಿನ ಬಸ್ಸಿಗೆ ಹೋಗುತ್ತಿದ್ದ. ಅವನು ಬರುವವರೆಗೆ ಹೆಂಡತಿ ಗಿರಣಿ ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಈ ಯಂತ್ರ ಏರಿನಲ್ಲಿ ಹೇಗೆ ಉಸಿರು ಬಿಡುತ್ತದೆ, ಆ ಯಂತ್ರ ಕರೆಂಟು ಇಳಿದಾಗ ಹೇಗೆ ಮುಗ್ಗರಿಸುತ್ತದೆ, ಇದೇ.

“ನನ್ನನ್ನು ನೋಡೋದಕ್ಕೆ ಬಂದಾಗ ಉಪ್ಪಿಟ್ಟು ತಿಂದು ಮುಗಿಸುವಷ್ಟರಲ್ಲಿ ಒಪ್ಪಿದಿರಿ,” ಎಂದಳು ಹೆಂಡತಿ. “ಈ ಯಂತ್ರವನ್ನು ಆರು ತಿಂಗಳಿಂದ ನೋಡುತ್ತಲೇ ಇದ್ದೀರಲ್ಲ.”

“ಅವತ್ತು ನಿಮ್ಮಪ್ಪ ಎದುರಿಗೇ ಕೂತಿದ್ದರಲ್ಲೇ. ವಾರಂಟಿ ಕೇಳೋದಕ್ಕೆ ಧೈರ್ಯ ಬರಲಿಲ್ಲ.”

ಅವಳು ಅವನ ತಟ್ಟೆಗೆ ಹಾಕಬೇಕಾಗಿದ್ದ ತುಪ್ಪವನ್ನು ತನ್ನ ತಟ್ಟೆಗೇ ಹಾಕಿಕೊಂಡಳು.

ಕೊನೆಗೆ ಪೈಲ್ವಾನನ ಜಿಮ್ಮಿನ ಮೂಲೆಯಲ್ಲಿದ್ದ ಒಂದು ಯಂತ್ರ ಅವನಿಗೆ ಒಪ್ಪಿಗೆಯಾಯಿತು. ಒಂಬತ್ತು ವರ್ಷದಿಂದ ಬೆಳಗಿನಿಂದ ಸಂಜೆಯವರೆಗೆ ಓಡಿಸಿಕೊಂಡ ಯಂತ್ರ. ಏಳು ದಿನ ಓಡಿದ. ಸಂಶಯ ಬಂದು ಮತ್ತೆ ಏಳು ದಿನ ಓಡಿದ. ಮೋಟಾರು ಬೆಚ್ಚಗಾಗುತ್ತಿತ್ತು, ಸುಡುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಗೆದ್ದದ್ದು ಅದರ ಹಲಗೆ. ಬೂಟಿನೊಳಗಿದ್ದರೂ ಅಂಗಾಲಿಗೆ ಅದರ ಒಂದೊಂದು ಅದುರೂ ತಿಳಿಯುತ್ತಿತ್ತು.

“ಮೊದಲು ನೋಡಿದ ಯಂತ್ರಗಳಲ್ಲಿ ಕಾಲಿಗೆ ಏನೂ ತಿಳಿಯುತ್ತಲೇ ಇರಲಿಲ್ಲ. ಹತ್ತಿ ತುಂಬಿದ ಮೆತ್ತೆಯ ಮೇಲೆ ಓಡಿದ ಹಾಗಿತ್ತು,” ಎಂದು ಅವನು ಪೈಲ್ವಾನನಿಗೆ ಹೇಳಿದ. “ಇದು ಕಾಲಿನ ಜೊತೆ ಮಾತಾಡುತ್ತದೆ. ಯಂತ್ರ ಅಂದರೆ ಇದು.”

ಅದೇ ಜಾತಿಯ ಹೊಸ ಯಂತ್ರವನ್ನು ಅವನು ತರಿಸಿದ. ಅದನ್ನು ಒಳಗೆ ತರಲು ಬಾಗಿಲಿನ ಚೌಕಟ್ಟು ಬಿಚ್ಚಬೇಕಾಯಿತು. ಕುಂಕುಮ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದರು. ಬಂದವರಿಗೆಲ್ಲ ಗಿರಣಿಯವನು ಅದರ ಉರುಳೆ ತೋರಿಸಿದ. ಅಣ್ಣ ಗಾಲಿ ಕುರ್ಚಿಯಲ್ಲಿ ಬಂದು ಯಂತ್ರದ ಕಂಬಿಯನ್ನು ಸವರಿ, “ನಿನ್ನ ಕಾಲು ಉಳಿಯಿತು ಬಿಡಪ್ಪಾ,” ಎಂದ. ಅದನ್ನು ಕೇಳಿ ಮನೆಯವರೆಲ್ಲರ ಕಣ್ಣೂ ತುಂಬಿತು.

ಮೊದಲ ದಿನ ಗಿರಣಿಯವನು ಹತ್ತಿ ಓಡಿದ. ಕಿವಿಯಿಟ್ಟು ಕೇಳಿದ. ಯಾವ ಸದ್ದೂ ಇಲ್ಲ. ಮೂಗಿಟ್ಟು ನೋಡಿದ. ಯಾವ ವಾಸನೆಯೂ ಇಲ್ಲ. ಅಂಗೈ ಇಟ್ಟ. ಮೋಟಾರು ಹದವಾಗಿತ್ತು. ಎರಡನೆಯ ದಿನವೂ ಹಾಗೆಯೇ. ಎಂಟನೆಯ ದಿನ ಅವನಿಗೆ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಇಳಿದು ಬಂದ.

ಒಂಬತ್ತನೆಯ ದಿನ ಗಿರಣಿಯಲ್ಲಿ ಕೆಲಸವಿತ್ತು. ಹತ್ತನೆಯ ದಿನ ನೆಂಟರು ಬಂದರು. “ಯಂತ್ರ ಇಪ್ಪತ್ತು ವರ್ಷ ಬಾಳುವಂಥದ್ದು. ಅವಸರ ಏನಿದೆ? ಅದೇನು ಎದ್ದು ಹೋಗುತ್ತದೆಯೇ?” ಎಂದ. ಮುರಿದುಹೋಗುವ ಯಂತ್ರ ತಂದಿದ್ದರೆ, ಇರುವಷ್ಟು ದಿನ ಓಡಿಬಿಡೋಣ ಎಂದಾದರೂ ಓಡುತ್ತಿದ್ದನೋ ಏನೋ. ಇದು ಗಟ್ಟಿ ಯಂತ್ರ. ಅದರ ಗಟ್ಟಿತನದ ಮೇಲೆ ಭಾರ ಹಾಕಿ ಅವನು ನಿಶ್ಚಿಂತನಾದ. ದಿನಾ ಒರೆಸುತ್ತಿದ್ದ. ಬೆಲ್ಟಿನ ಅಡಿಗೆ ಎಣ್ಣೆ ಬಿಡುತ್ತಿದ್ದ. ಬಂದ ನೆಂಟರನ್ನು ಹತ್ತಿಸಿ ಓಡಿಸುತ್ತಿದ್ದ. “ನೋಡಿ, ಹಲಗೆ ಹೇಗೆ ಮಾತಾಡುತ್ತದೆ,” ಎನ್ನುತ್ತಿದ್ದ.

ಹೀಗೆ ಏಳೆಂಟು ತಿಂಗಳು ಕಳೆಯಿತು. ಒಂದು ದಿನ ಪೈಲ್ವಾನನೇ ಅವನ ಮನೆಗೆ ಬಂದ. ಅವನ ಮುಂದೆ ಓಡಿ ತೋರಿಸಬೇಕೆಂದು ಗಿರಣಿಯವನು ಬೂಟು ಕಟ್ಟಿ ಹತ್ತಿದ. ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟ.

“ಹಲಗೆ ಕೆಟ್ಟಿದೆ,” ಎಂದ. “ಕಾಲಿಗೆ ಏನೂ ತಿಳಿಯುತ್ತಿಲ್ಲ.”

ಮೆಕ್ಯಾನಿಕ್ ಬಂದ. ಬಿಚ್ಚಿ ನೋಡಿದ. ಹಲಗೆಗೆ ಏನೂ ಆಗಿರಲಿಲ್ಲ. ಉರುಳೆ, ಬೆಲ್ಟು, ಮೋಟಾರು ಎಲ್ಲವೂ ಹೊಸದರಂತಿದ್ದವು.

“ಸರಿಯಾಗಿ ನೋಡಪ್ಪಾ,” ಎಂದು ಗಿರಣಿಯವನು ಒತ್ತಾಯಿಸಿದ. “ನನ್ನ ಕಿವಿ ಸುಳ್ಳು ಹೇಳಬಹುದು, ಕಾಲು ಹೇಳುವುದಿಲ್ಲ. ಯಂತ್ರದಲ್ಲೇ ಏನೋ ಇದೆ.”

ಮೆಕ್ಯಾನಿಕ್ ಚಪ್ಪಲಿ ಬಿಟ್ಟು, ಯಂತ್ರವನ್ನು ಮೆಲ್ಲಗೆ ಓಡಿಸಿ, ಅದರ ಮೇಲೆ ಬರಿಗಾಲಲ್ಲಿ ನಡೆದ. ಸ್ವಲ್ಪ ಹೊತ್ತು ನಡೆದು ಹೇಳಿದ. “ನನಗೆ ತಿಳಿಯುತ್ತಿದೆ, ಯಜಮಾನರೇ.”

ಹೆಂಡತಿ ಬಂದು ಗಂಡನ ಎಡಗಾಲಿನ ಬೂಟು ಬಿಚ್ಚಿದಳು. ಕಾಲುಚೀಲದ ತುದಿ ಒದ್ದೆಯಾಗಿತ್ತು. ಕಿರುಬೆರಳು ಕಪ್ಪಾಗಿ ಗಾಯವಾಗಿತ್ತು. ಗಾಯವಾಗಿ ಎಷ್ಟು ದಿನವಾಗಿತ್ತೋ, ಅವನಿಗೆ ತಿಳಿಯದು.

ಡಾಕ್ಟರು ಅಂಗಾಲಿಗೆ ಎಳೆ ಮುಟ್ಟಿಸಿದರು. ಹತ್ತರಲ್ಲಿ ಮೂರು. “ಯಂತ್ರ ತಂದ ದಿನ ಕಾಲಿಗೆ ಎಲ್ಲವೂ ತಿಳಿಯುತ್ತಿತ್ತು,” ಎಂದ ಗಿರಣಿಯವನು.

“ಯಂತ್ರ ತಂದ ಮೇಲೆ ಎಷ್ಟು ದಿನ ಓಡಿದಿರಿ?”

“ಎಂಟು ದಿನ.”

“ಹಾಗಾದರೆ ತಂದ ದಿನ ಕಾಲಿಗೆ ಎಲ್ಲವೂ ತಿಳಿಯುತ್ತಿತ್ತು ಅಂದಿರಲ್ಲ, ಅದು ಹೇಗೆ? ಅದಕ್ಕೆ ಮೊದಲು ಏನು ಮಾಡುತ್ತಿದ್ದಿರಿ?”

“ಏನೂ ಮಾಡುತ್ತಿರಲಿಲ್ಲ ಡಾಕ್ಟ್ರೇ. ಆ ಆರು ತಿಂಗಳು ವ್ಯರ್ಥವಾಯಿತು. ಬರೀ ಯಂತ್ರ ಹುಡುಕುತ್ತಿದ್ದೆ.”

“ಹುಡುಕುವುದು ಅಂದರೆ?”

“ಒಂದೊಂದರ ಮೇಲೂ ಏಳೇಳು ದಿನ ಓಡಿ ನೋಡುತ್ತಿದ್ದೆ. ದಿನಕ್ಕೆ ಮುಕ್ಕಾಲು ಗಂಟೆ.”

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. “ಅದು ಓಡಿದ ಹಾಗಲ್ಲವೇನ್ರೀ?”

“ಅದು ಪರೀಕ್ಷೆ ಅಲ್ಲವೇ?” ಎಂದ ಗಿರಣಿಯವನು. “ಪರೀಕ್ಷೆಯ ಹಿಟ್ಟನ್ನು ಯಾರಾದರೂ ಎಣಿಸುತ್ತಾರೆಯೇ?”

ಹೇಳುತ್ತಿದ್ದ ಹಾಗೆಯೇ ಅವನು ತನ್ನ ಕಾಲನ್ನು ನೋಡಿಕೊಂಡ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಜಗಲಿಯಲ್ಲಿ ಕೂತವರು ಮುಂದಿನ ಮಾತಿಗಾಗಿ ಕಾದರು.

“ಅವನ ಕಾಲು ಉಳಿಯಿತೇ ಬುದ್ಧಿ?” ಎಂದು ಮರುಳಯ್ಯನವರೇ ಕೇಳಿದರು.

“ಕಿರುಬೆರಳು ಹೋಯಿತು. ಪಾದ ಉಳಿಯಿತು. ಗಾಯ ಪೂರ್ತಿ ಮಾಗಿ, ಡಾಕ್ಟರು ಇನ್ನು ಓಡಬಹುದು ಎಂದ ಮೇಲೆ ದಿನಾ ಓಡುತ್ತಾನೆ. ಈಗ ಹೆಂಡತಿಗೆ ಒಂದು ಕೆಲಸ ಒಪ್ಪಿಸಿದ್ದಾನೆ. ದಿನಾ ಬೆಳಿಗ್ಗೆ ಅವಳು ಬಂದು, ‘ಈ ಯಂತ್ರ ಇಟ್ಟುಕೊಳ್ಳೋಣವೋ, ವಾಪಸು ಕಳಿಸೋಣವೋ?’ ಎಂದು ಕೇಳಬೇಕು. ಅವನು, ‘ಇವತ್ತೊಂದು ದಿನ ನೋಡಿ ಹೇಳುತ್ತೇನೆ ತಾಳು,’ ಎಂದು ಹತ್ತುತ್ತಾನೆ. ಮುಕ್ಕಾಲು ಗಂಟೆ ಆದ ಮೇಲೆ ಇಳಿದು, ‘ಇನ್ನೂ ಹೇಳಲಾರೆ,’ ಎನ್ನುತ್ತಾನೆ. ಮೂರು ವರ್ಷವಾಯಿತು.”

ಎಲ್ಲರೂ ನಕ್ಕರು. ಮರುಳಯ್ಯನವರೂ ನಕ್ಕರು. ಆದರೆ ಅವರಿಗೆ ಸಮಾಧಾನವಾಗಲಿಲ್ಲ.

“ಅವನದೇನೋ ಸರಿ ಬುದ್ಧಿ. ಅವನು ಹುಡುಕುತ್ತಲೇ ಓಡಿದ. ಬೆವರು ಸುರಿಯಿತು, ಕಾಲಿಗೆ ಜೀವ ಬಂತು. ನನ್ನದು ಹಾಗಲ್ಲ. ನಾನು ಒಂದು ಮಠದಿಂದ ಇನ್ನೊಂದು ಮಠಕ್ಕೆ ಬಸ್ಸು ಹತ್ತಿದೆ, ಇಳಿದೆ. ಕೂತೆ, ಎದ್ದೆ. ಬೆಳಿಗ್ಗೆ ಎದ್ದ ಕೂಡಲೇ ಅದೇ ಯೋಚನೆ. ಇವತ್ತಾದರೂ ಶಿವನ ದಾರಿ ತಿಳಿದೀತೇ ಅಂತ. ಮಲಗುವಾಗ, ಇವತ್ತೂ ತಿಳಿಯಲಿಲ್ಲವಲ್ಲ ಅಂತ. ಹತ್ತು ವರ್ಷದಲ್ಲಿ ಒಂದು ದಿನವೂ ಆ ಯೋಚನೆ ತಪ್ಪಲಿಲ್ಲ, ನಿಜ. ಆದರೆ ನನಗೆ ಸಿಕ್ಕಿದ್ದಾದರೂ ಏನು?”

ಗುರುಗಳು ಮುಂದಕ್ಕೆ ಬಾಗಿ, ಮರುಳಯ್ಯನವರ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

“ಅಯ್ಯಾ, ಅದನ್ನೂ ಪರೀಕ್ಷೆಯ ಹಿಟ್ಟೆಂದು ಎಣಿಸದೆ ಬಿಟ್ಟೆಯಾ? ಹತ್ತು ವರ್ಷ ಒಂದು ದಿನವೂ ತಪ್ಪದೆ ನಿನ್ನೊಳಗೆ ಕೂತು ಹಾಗೆ ಕೇಳುತ್ತಿದ್ದವನು ಯಾರು?”

ಮರುಳಯ್ಯನವರು ತಲೆ ತಗ್ಗಿಸಿದರು. ಅವರ ಕೈ ಗುರುಗಳ ಕೈಯಲ್ಲೇ ಇತ್ತು.

ಇದನ್ನು ಓದಿದವರಿಗೂ, ಓದಿಸಿ ಕೇಳಿದವರಿಗೂ, ಕೇಳುತ್ತಾ ತೂಕಡಿಸಿದವರಿಗೂ ಶಿವನು ಒಳಿತು ಮಾಡಲಿ. ಹುಡುಕುವವರ ಕಾಲಿಗೆ ಬಲ ಬರಲಿ. ಕಾಲಿನ ನೋವಿರುವವರ ನೋವು ಇಳಿಯಲಿ. ಯಾರ ಮನದಲ್ಲೂ ಆ ಪ್ರಶ್ನೆ ಆರದಿರಲಿ. ಎಲ್ಲರಿಗೂ ಮಂಗಳವಾಗಲಿ.